ಪಟ್ಟಿಯಲ್ಲಿಲ್ಲದ ಕನ್ನಡಕದಂಗಡಿ

ಏಪ್ರಿಲ್ ೪

ಸಾಸಿವೆ,

ಅಮ್ಮನ ಆಜ್ಞೆ ಇವತ್ತಿನಿಂದ ಜಾರಿ. ಮೂರು ದಿನ ನಾವಿಬ್ಬರೂ ಫೋನಿನಲ್ಲಿ ಸರ್ಕಾರದ ವಿಷಯಕ್ಕೆ ಕಿತ್ತಾಡಿದ್ದನ್ನು ಕೇಳಿ ಕೇಳಿ, ನಿನ್ನ ಕೈಯಿಂದ ಫೋನು ಕಿತ್ತುಕೊಂಡು ಹೇಳಿದಳಲ್ಲ: "ಫೋನಲ್ಲಿ ಊಟ, ನಿದ್ದೆ, ಆರೋಗ್ಯ, ಅಷ್ಟೇ. ಸರ್ಕಾರದ ಜಗಳ ಬೇಕಿದ್ರೆ ಕಾಗದ ಬರ್ಕೊಳ್ಳಿ. ಬರೆಯೋವಾಗಾದ್ರೂ ಇಬ್ರೂ ಉಸಿರು ತಗೋತೀರ." ಸರಿ, ಕಾಗದವೇ ಆಗಲಿ. ಬೈಗುಳ ಐದು ದಿನ ಹಳಸಿ ನಿನಗೆ ಸಿಗುತ್ತದೆ, ಅಷ್ಟೇ ವ್ಯತ್ಯಾಸ.

ನಿಮ್ಮ ಕಚೇರಿಯ ಪಟ್ಟಿ ಪೇಪರಿನಲ್ಲಿ ಬಂದಿದೆ. ಸೋಂಕು ತಗ್ಗುವವರೆಗೆ ತೆರೆಯಬಹುದಾದ 'ಅಗತ್ಯ' ಅಂಗಡಿಗಳು ಒಟ್ಟು ನಲವತ್ತೊಂದು. ಹಾಲು, ಔಷಧಿ, ಸರಿ. ಪಂಕ್ಚರ್ ಹಾಕುವವನು ಇದ್ದಾನೆ, ಇರಲಿ ಪಾಪ. ಹೆಂಡದಂಗಡಿ ಇದೆ. ಗಾಜಿನ ಪೆಟ್ಟಿಗೆಯಲ್ಲಿ ಸಾಕುವ ಮೀನಿಗೆ ಆಹಾರ ಮಾರುವ ಅಂಗಡಿ ಕೂಡ ಇದೆ! ಕನ್ನಡಕದ ಅಂಗಡಿ ಇಲ್ಲ. ಎರಡು ಸಲ ಓದಿದೆ, ನನ್ನದೇ ಕನ್ನಡಕ ಒರೆಸಿಕೊಂಡು ಮೂರನೇ ಸಲ ಓದಿದೆ. ಇಲ್ಲ.

ಮೂವತ್ತು ವರ್ಷ ಈ ಬೀದಿಯ ಜನಕ್ಕೆ ಕಣ್ಣು ಕೊಟ್ಟವನು ನಾನು. ಈಗ ಗೊತ್ತಾಯಿತು, ನಾನು ಅಕ್ವೇರಿಯಂ ಮೀನಿಗಿಂತ ಕಡೆ ಎಂದು. ಅಂಗಡಿ ಬಾಗಿಲಿಗೆ ಬೋರ್ಡು ನೇತುಹಾಕಿದ್ದೇನೆ: 'ಇದು ಅನಗತ್ಯ ಅಂಗಡಿ. ಕಣ್ಣು ಕಾಣದವರು ಸರ್ಕಾರವನ್ನು ಕೇಳಿ.' ನಿನ್ನ ಅತ್ತಿಗೆ ತೆಗೆಯಿರಿ ಎನ್ನುತ್ತಾಳೆ. ತೆಗೆಯುವುದಿಲ್ಲ.

ನೀನು ಆ ಕಚೇರಿಯಲ್ಲೇ ಕೂತಿದ್ದೀಯ. ನಮ್ಮ ಕಸುಬನ್ನು ಬಿಟ್ಟ ಆ ಮಹಾ ಬುದ್ಧಿವಂತ ಯಾರು, ಅದೊಂದು ಹೇಳು ಸಾಕು.

ನಿನ್ನ ಅನಗತ್ಯ ಅಣ್ಣ


ಏಪ್ರಿಲ್ ೧೦

ಅಣ್ಣಾ,

ನಿನ್ನ ಕಾಗದವನ್ನು ಅಮ್ಮ ಲಕೋಟೆಯ ಮೇಲಿಂದಲೇ ಮುಟ್ಟಿ ನೋಡಿ "ದಪ್ಪಗಿದೆ, ಕೋಪದಲ್ಲಿದ್ದಾನೆ" ಎಂದಳು. ಒಳಗಿನದು ಕೇಳಲಿಲ್ಲ.

ನೀನು ಕೆಲಸ ಮಾಡುವುದನ್ನು ಒಮ್ಮೆ ಹೊರಗಿನವನ ಹಾಗೆ ನಿಂತು ನೋಡು. ಗಿರಾಕಿಯ ಮೂಗಿಗೂ ನಿನ್ನ ಮೂಗಿಗೂ ಒಂದು ಗೇಣು. ಗಾಜು ಬದಲಿಸಿ ಬದಲಿಸಿ "ಇದು ಚೆನ್ನಾಗಿದೆಯೋ, ಅದೋ" ಎಂದು ಹದಿನೈದು ನಿಮಿಷ ಮಾತಾಡುತ್ತೀಯ. ನಿನ್ನ ಅಂಗಡಿಯಲ್ಲಿ ಕಿಟಕಿ ಒಂದೇ, ಅದರ ಮುಂದೆಯೂ ಫ್ರೇಮುಗಳ ಕಪಾಟು. ನಿನ್ನ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಮುದುಕರು. ಈ ರೋಗ ಹುಡುಕಿಕೊಂಡು ಬರುವುದೂ ಅವರನ್ನೇ. ಮೀನಿನ ಆಹಾರದವನು ಪೊಟ್ಟಣವನ್ನು ಬಾಗಿಲಲ್ಲೇ ಕೊಟ್ಟು ಕಳಿಸುತ್ತಾನೆ.

ಇಲ್ಲಿ ನಾವೂ ಸುಖವಾಗಿಲ್ಲ. ದೊಡ್ಡ ಹಾಲಿನಲ್ಲಿ ನಲವತ್ತು ಮೇಜು ಇದ್ದದ್ದು ಈಗ ಹದಿನೆಂಟು. ದಿನಾ ಬೆಳಿಗ್ಗೆ ಎಲ್ಲ ಊರುಗಳ ಸೋಂಕು, ಸಾವಿನ ಅಂಕಿ ಬರುತ್ತದೆ, ಗೋಡೆಯ ಮೇಲಿನ ದೊಡ್ಡ ಹಾಳೆಗೆ ನಾನು ಬರೆಯಬೇಕು. ಕಳೆದ ಮಂಗಳವಾರ ನಮ್ಮ ಕಚೇರಿಯ ಡ್ರೈವರ್ ಹೋಗಿಬಿಟ್ಟರು. ಅವರ ಊರಿನ ಮುಂದೆ 'ಒಂದು' ಎಂದು ಬರೆದವಳು ನಾನೇ. ನಾವು ತಪ್ಪೇ ಮಾಡುವುದಿಲ್ಲ ಎನ್ನುತ್ತಿಲ್ಲ. ಕತ್ತಲೆಯಲ್ಲಿ ತಡಕಾಡುತ್ತಿದ್ದೇವೆ, ಆದರೆ ಕೈಕಟ್ಟಿ ಕೂತಿಲ್ಲ.

ಪಟ್ಟಿಯನ್ನು ಯಾರೋ ಒಬ್ಬರು ಮಾಡುವುದಿಲ್ಲ. ಕರಡು, ತಿದ್ದುಪಡಿ, ಸಹಿ, ಹೀಗೆ ಹತ್ತು ಕೈ ದಾಟುತ್ತದೆ.

ಇನ್‌ಹೇಲರ್ ಇದೆಯಾ? ಫೋನಿನಲ್ಲಿ ಕೇಳಿದರೆ 'ಹೂಂ' ಎಂದು ಹಾರಿಸುತ್ತೀಯ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಆಸ್ತಮಾ ಇದೆ ಎಂದು ಗಿರಾಕಿಗಳಿಗೆ ಗೊತ್ತಾಗಬಾರದು ಎಂದು ಹಿಂದಿನ ಕೋಣೆಗೆ ಹೋಗಿ ಎಳೆದುಕೊಂಡು ಬರುವವನು ನೀನು. ನನ್ನ ಹತ್ತಿರ ಆ ನಾಟಕ ಬೇಡ.

ನಿನ್ನ ಸರ್ಕಾರಿ ತಂಗಿ


ಏಪ್ರಿಲ್ ೧೬

ಸಾಸಿವೆ,

ಇನ್‌ಹೇಲರ್ ಇದೆ. ಆ ವಿಷಯ ಮುಗಿಯಿತು.

ಡ್ರೈವರ್ ವಿಷಯ ಓದಿ ಸಂಕಟವಾಯಿತು. ನೀನು ಸಣ್ಣವಳಿದ್ದಾಗಿನಿಂದ ದುಃಖವಾದರೆ ಅಕ್ಷರ ನೆಟ್ಟಗೆ ಬರೆಯುತ್ತೀಯ. ಆ ಎರಡು ಸಾಲು ಅಚ್ಚು ಹಾಕಿದ ಹಾಗಿತ್ತು. ಮುಖಕ್ಕೆ ಮುಸುಕು ಬಿಗಿಯಾಗಿ ಕಟ್ಟಿಕೋ.

ಇನ್ನು ಜಗಳಕ್ಕೆ ಬರೋಣ. ಒಂದು ಗೇಣಿನ ಮಾತು ಒಪ್ಪಿದೆ. ಆದರೆ ಅದಕ್ಕೆ ಅಂಗಡಿ ಮುಚ್ಚಿಸುವುದೇ ಮದ್ದೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತು. ಬೀದಿಯ ಕಥೆ ಕೇಳು. ಎದುರಿನ ದರ್ಜಿ ಹೆಂಡತಿಯ ಕನ್ನಡಕ ಹಾಕಿಕೊಂಡು ಹೊಲಿಯುತ್ತಿದ್ದಾನೆ. ಅವನು ಹೊಲಿದ ಮುಖಗವಸು ಒಂದು ಕಿವಿಗೆ ಬಿಗಿ, ಇನ್ನೊಂದಕ್ಕೆ ಜೋತಾಡುತ್ತದೆ. ಮೇಲಿನ ಮನೆಯ ಬಸ್ ಡ್ರೈವರ್ ಒಡೆದ ಗಾಜಿಗೆ ಅಂಟುಪಟ್ಟಿ ಹಾಕಿಕೊಂಡು ರೋಗಿಗಳನ್ನು ಆಸ್ಪತ್ರೆಗೆ ಸಾಗಿಸುತ್ತಾನೆ, ಅದೂ ಸರ್ಕಾರದ ಆಜ್ಞೆಯಿಂದ! ಅವನ ಬಸ್ಸು ಅಗತ್ಯ, ಅವನ ಕಣ್ಣು ಅನಗತ್ಯ. ಹೆಂಡದಂಗಡಿ ಮುಂದೆ ಮಾತ್ರ ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡು ನಿಂತಿದ್ದಾರೆ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಪಕ್ಕದ ಮನೆಯವರಿಗೆ ಉಸಿರು ಕಟ್ಟಿದಾಗ ಆಂಬುಲೆನ್ಸ್ ಹನ್ನೊಂದು ನಿಮಿಷದಲ್ಲಿ ಬಂತು. ಇದೇ ಹೋದ ವರ್ಷವಾಗಿದ್ದರೆ ಆಂಬುಲೆನ್ಸಿನವರು ಫೋನೂ ಎತ್ತುತ್ತಿರಲಿಲ್ಲ. ಅಷ್ಟು ಅಂಕ ನಿಮಗೆ ಕೊಟ್ಟಿದ್ದೇನೆ. ಉಳಿದದ್ದಕ್ಕೆ ಸೊನ್ನೆ.

ಹತ್ತು ಕೈ ಎಂದೆ. ಹತ್ತರಲ್ಲಿ ಒಂದಕ್ಕಾದರೂ ಕನ್ನಡಕ ಇರಲಿಲ್ಲವೇ?

ಅನಗತ್ಯ ಅಣ್ಣ


ಏಪ್ರಿಲ್ ೨೭

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ.

ನಮ್ಮ ಲೆಕ್ಕದ ಟೀಚರ್ ಆಸ್ಪತ್ರೆಯಲ್ಲಿದ್ದಾರೆ. ಮೂರನೇ ಕ್ಲಾಸಿನಲ್ಲಿ ನಮ್ಮಿಬ್ಬರಿಗೂ ಮಗ್ಗಿ ಕಲಿಸಿದ ಅದೇ ಟೀಚರ್. ಈಗ ಎಂಬತ್ತೊಂದು, ಒಬ್ಬರೇ ಇರುವುದು. ಅವರ ಕನ್ನಡಕ ಒಡೆದಿತ್ತು. ರಿಪೇರಿ ಆಗಲಿಲ್ಲ. ಬಿ.ಪಿ. ಮಾತ್ರೆಯೂ ಬಿಳಿ, ಹೊಟ್ಟೆಯ ಮಾತ್ರೆಯೂ ಬಿಳಿ, ಚೀಟಿ ಓದಲು ಕಣ್ಣಿಲ್ಲ. ದಿನಕ್ಕೆ ಮೂರು ಸಲ ಹೊಟ್ಟೆಯದು ಎಂದುಕೊಂಡು ಬಿ.ಪಿ.ಯದನ್ನು ನುಂಗಿದ್ದಾರೆ. ಐದು ದಿನ. ಮೊನ್ನೆ ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಬಿದ್ದಿದ್ದವರನ್ನು ಹಾಲು ಹಾಕುವಾಕೆ ನೋಡಿದಳು. ಇನ್ನೂ ಪೂರ್ತಿ ಎಚ್ಚರವಿಲ್ಲ. ಒಳಗೆ ಯಾರನ್ನೂ ಬಿಡುತ್ತಿಲ್ಲ.

ಸೋಂಕಿನಿಂದ ಅಲ್ಲ ಇದು. ನಿಮ್ಮ ಗೋಡೆಯ ಹಾಳೆಯಲ್ಲಿ ಇವರಿಗೆ ಜಾಗ ಇದೆಯೇ? ಪಟ್ಟಿಯಿಂದ ನಮ್ಮ ಕಸುಬು ಬಿಟ್ಟ ಮನುಷ್ಯನ ಮೇಜಿನ ಹತ್ತಿರ ಹೋಗಿ ಈ ಕಾಗದ ಗಟ್ಟಿಯಾಗಿ ಓದು. ಅವನ ಮುಖ ಹೇಗಾಯಿತು ಎಂದು ನನಗೆ ಬರೆ.

ಅಣ್ಣ


ಮೇ ೨

ಅಣ್ಣಾ,

ಟೀಚರ್ ಹೇಗಿದ್ದಾರೆ? ಅವರನ್ನು ನೋಡುತ್ತಿರುವ ಡಾಕ್ಟರ ಹೆಸರೋ ನಂಬರೋ ಸಿಕ್ಕರೆ ಕಳಿಸು. ಅಮ್ಮನಿಗೆ ಹೇಳಿಲ್ಲ.

ನೀನು ಬರೆದದ್ದೆಲ್ಲ ಸರಿ.


ಮೇ ೬

ಅಣ್ಣಾ,

ನೀನು ಹೇಳಿದ ಮೇಜಿನ ಹತ್ತಿರ ಹೋಗಬೇಕಾಗಿರಲಿಲ್ಲ. ಅಲ್ಲೇ ಕೂತು ಕಾಗದ ಓದಿದೆ. ಅದು ನನ್ನ ಮೇಜು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಮೊದಲ ಕಾಗದದಿಂದಲೂ ನಾನು ಹೆಗಲು ಮುಟ್ಟಿಕೊಳ್ಳುತ್ತಲೇ ಇದ್ದೆ. ಹತ್ತು ಕೈ ಎಂದದ್ದು ನಿಜವೇ. ಆದರೆ ಕರಡು ಬರೆದ ಕೈ ನನ್ನದು. ಅದರಲ್ಲಿ ನಲವತ್ತೆರಡು ಅಂಗಡಿಗಳಿದ್ದವು. ಹದಿನೇಳನೆಯ ಸಾಲು, 'ಕನ್ನಡಕ ಮಾರಾಟ ಮತ್ತು ರಿಪೇರಿ'. ನಾನೇ ಬರೆದು ನಾನೇ ಹೊಡೆದು ಹಾಕಿದೆ.

ಯಾಕೆಂದು ನಿನಗೆ ಗೊತ್ತಾಗಬೇಕು. ನಿನಗೆ ಹನ್ನೆರಡು ವರ್ಷ, ನನಗೆ ಏಳು. ನಿನಗೆ ಉಬ್ಬಸ ಬಂದಾಗ ಅಮ್ಮ ನಿನ್ನನ್ನು ಕಿಟಕಿಯ ಹತ್ತಿರ ಕೂರಿಸಿಕೊಂಡು ಬೆನ್ನು ನೀವುತ್ತಿದ್ದಳು. ನನಗೆ ಕೊಟ್ಟ ಕೆಲಸ ಉಸಿರು ಎಣಿಸುವುದು. ಒಂದು ನಿಮಿಷಕ್ಕೆ ನಲವತ್ತು ದಾಟಿದರೆ ಪಕ್ಕದ ಮನೆಯವರನ್ನು ಕರೆಯಬೇಕು. ಎಣಿಸುತ್ತಾ ಎಣಿಸುತ್ತಾ ಎಲ್ಲಿ ನಿಂತುಬಿಡುತ್ತದೋ ಎಂದು ನನ್ನ ಉಸಿರನ್ನೂ ಹಿಡಿದುಕೊಳ್ಳುತ್ತಿದ್ದೆ. ಕರಡು ಬರೆಯುವ ದಿನ ನನಗೆ ಗೊತ್ತಿತ್ತು, ಪಟ್ಟಿಯಲ್ಲಿದ್ದರೆ ನೀನು ತೆರೆಯುತ್ತೀಯ. ಬೇಡ ಎಂದರೆ ಇನ್ನೂ ಅರ್ಧ ಗಂಟೆ ಮುಂಚೆ ತೆರೆಯುತ್ತೀಯ. ನಿನ್ನನ್ನು ತಡೆಯುವ ಶಕ್ತಿ ಅಮ್ಮನಿಗಿಲ್ಲ, ಅತ್ತಿಗೆಗಿಲ್ಲ, ನನಗಿಲ್ಲ. ಸರ್ಕಾರಕ್ಕಿತ್ತು. ಪೆನ್ನು ನನ್ನ ಕೈಯಲ್ಲಿತ್ತು.

ಮೇಲಧಿಕಾರಿ ಮೇಡಂ "ಇದನ್ನ ಯಾಕೆ ತೆಗೆದ್ರಿ?" ಎಂದು ಕೇಳಿದರು. ಒಂದು ಗೇಣಿನ ಕಾರಣ ಹೇಳಿದೆ. ತಲೆಯಾಡಿಸಿ ಸಹಿ ಮಾಡಿದರು. ನಿನಗೂ ಅದನ್ನೇ ಬರೆದೆ. ಅದು ಸುಳ್ಳಲ್ಲ, ಆದರೆ ನನ್ನ ಕಾರಣ ಅದಲ್ಲ.

ನಿನ್ನ ಕಾಗದ ಬಂದ ಮೇಲೆ ಎರಡು ದಿನ ಊಟ ಸೇರಲಿಲ್ಲ. ನಿನ್ನೆ ಮೇಡಂ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಕೆಲಸ ಹೋಗುತ್ತದೆ ಎಂದುಕೊಂಡೇ ಹೋದೆ. ಅವರು ಕರಡು ತರಿಸಿ ನೋಡಿ ಹೇಳಿದರು: "ನೀವು ಹೇಳಿದ ಕಾರಣ ಇವತ್ತಿಗೂ ಸರಿ. ಬಚ್ಚಿಟ್ಟುಕೊಂಡಿದ್ದು ತಪ್ಪು. ಅಣ್ಣನ ಭಯ ಇದೆ ಅಂತ ಅವತ್ತೇ ಹೇಳಿದ್ರೆ ನಾಲ್ಕು ಜನ ಕೂತು ದಾರಿ ಹುಡುಕ್ತಿದ್ವಿ. ಈಗ ಹೋಗಿ, ಮುಚ್ಚೋದು ಹೇಗೆ ಅಂತಲ್ಲ, ತೆರೆಯೋದು ಹೇಗೆ ಅಂತ ಬರ್ಕೊಂಡು ಬನ್ನಿ. ನಿಮ್ಮ ಭಯಾನೂ ಅದರಲ್ಲೇ ಬರೀರಿ, ಎಲ್ಲರೂ ಓದ್ಲಿ." ನನ್ನ ಮೇಲೆ ಒಂದು ಟಿಪ್ಪಣಿ ಹಾಕಿದ್ದಾರೆ. ಅದು ಇರಬೇಕಾದ್ದೇ.

ಇವತ್ತು ಇಬ್ಬರು ಡಾಕ್ಟರನ್ನು, ಈ ಊರಿನ ಒಬ್ಬ ಕನ್ನಡಕದಂಗಡಿಯವರನ್ನು ಕೂರಿಸಿಕೊಂಡು ಹೊಸ ಆದೇಶ ಬರೆಯುತ್ತಿದ್ದೇವೆ.

ಟೀಚರಿಗೆ ಏನಾದರೂ ಆದರೆ ನಾನು ಏನು ಮಾಡಲಿ ಅಣ್ಣಾ? ಬೈಯುವುದಿದ್ದರೆ ಪೂರ್ತಿ ಬೈದು ಬರೆ. ಬರೆಯದೆ ಮಾತ್ರ ಇರಬೇಡ.

ಸಾಸಿವೆ


ಮೇ ೭

ಸಾಸಿವೆ,

ನಿನ್ನ ಮೂರು ಸಾಲಿನ ಕಾಗದ ಇವತ್ತು ಬೆಳಿಗ್ಗೆ ಬಂತು. 'ನೀನು ಬರೆದದ್ದೆಲ್ಲ ಸರಿ.' ಹುಟ್ಟಿದಾಗಿನಿಂದ ನೀನು ನನಗೆ ಹೇಳದ ಮಾತು ಇದು. ತಿರುಗಿ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮೊದಲು ಒಳ್ಳೆಯ ಸುದ್ದಿ. ಟೀಚರ್ ನಿನ್ನೆ ಸಂಜೆ ಮನೆಗೆ ಬಂದರು! ನಡೆಯುತ್ತಿದ್ದಾರೆ, ಮೂಳೆ ಮುರಿದಿಲ್ಲ, ತಲೆ ನೆಟ್ಟಗಿದೆ. ಆಂಬುಲೆನ್ಸಿನಿಂದ ಇಳಿಯುವಾಗಲೇ ಕೈ ಹಿಡಿಯಲು ಬಂದ ಹಾಲಿನಾಕೆಗೆ "ಎರಡು ಮೀಟರ್ ಅಂದ್ರೆ ಎಷ್ಟು, ಗೊತ್ತಿಲ್ವಾ?" ಎಂದು ಗದರಿದರು. ನಿನ್ನ ಅತ್ತಿಗೆ ಬಾಗಿಲಲ್ಲಿ ನಿಂತು ಅತ್ತಳು, ನಾನು ಒಳಗೆ ಹೋಗಿ ಅತ್ತೆ.

ಈಗ ನಾನು ನಿನಗೆ ಬರೆಯದೆ ಬಿಟ್ಟದ್ದು. 'ರಿಪೇರಿ ಆಗಲಿಲ್ಲ' ಎಂದು ಬರೆದೆನಲ್ಲ, ಯಾರು ಮಾಡಲಿಲ್ಲ ಎಂದು ಬರೆಯಲಿಲ್ಲ. ಟೀಚರ್ ನನ್ನ ಹತ್ತಿರ ಬಂದಿದ್ದರು. ಕನ್ನಡಕದ ಒಂದು ಕಡ್ಡಿ ಕಳಚಿತ್ತು, ಒಂದು ಗಾಜು ಸೀಳಿತ್ತು. ನಾನು ಮೇಲಿನ ಕಿಟಕಿಯಲ್ಲಿ ಚಹಾ ಕುಡಿಯುತ್ತಾ ನಿಂತಿದ್ದೆ. ಕೆಳಗಿಂದ ಕೂಗಿದರು. ಅವತ್ತು ತಾನೇ ಪೇಪರಿನಲ್ಲಿ ಪಟ್ಟಿ ಇನ್ನೂ ಎರಡು ವಾರ ಮುಂದುವರಿದಿದೆ ಎಂದು ಓದಿ ಮೈ ಉರಿಯುತ್ತಿತ್ತು. "ಬೋರ್ಡ್ ಓದ್ಕೊಳ್ಳಿ ಟೀಚರ್" ಎಂದೆ. ಅವರು ತಲೆ ಎತ್ತಿ, ಎಲ್ಲೋ ನನ್ನ ಪಕ್ಕದ ಗೋಡೆಯನ್ನು ನೋಡುತ್ತಾ ಹೇಳಿದರು: "ಓದಕ್ಕಾಗಲ್ಲ ಅಂತಾನೇ ಬಂದಿರೋದಪ್ಪಾ."

ನಾನು ಇಳಿಯಲಿಲ್ಲ. ಐದು ನಿಮಿಷದ ಕೆಲಸ. ಹಗ್ಗದಲ್ಲಿ ಬುಟ್ಟಿ ಬಿಟ್ಟಿದ್ದರೆ ಯಾವ ಸರ್ಕಾರವೂ ನನ್ನ ಕೈ ಹಿಡಿಯುತ್ತಿರಲಿಲ್ಲ. ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೀರಿಸಿದೆ. ಅನಗತ್ಯ ಎಂದರಲ್ಲ, ಅನುಭವಿಸಲಿ ಎಂದು ಅನ್ನಿಸಿತ್ತು. ಯಾರು ಅನುಭವಿಸಲಿ ಎಂದು ಯೋಚಿಸಲಿಲ್ಲ.

ಅವರು ಬಿದ್ದ ಮೇಲೆ ನಿನಗೆ ಆ ಕಾಗದ ಬರೆದೆ. ಬೋರ್ಡು ಇಳಿಸಿ ಒಲೆಗೆ ಹಾಕಿದೆ. ಟೀಚರ ಕಣ್ಣಿನ ಹಳೆಯ ನಂಬರು ಅಂಗಡಿಯ ಪುಸ್ತಕದಲ್ಲಿತ್ತು, ಎರಡು ದಿನ ಕೂತು ಹೊಸ ಗಾಜು ಉಜ್ಜಿ ಕನ್ನಡಕ ಮಾಡಿಟ್ಟೆ. ಇವತ್ತು ಮಧ್ಯಾಹ್ನ ಅವರ ಬಾಗಿಲಲ್ಲಿಟ್ಟು, ದೂರ ನಿಂತು ಎಲ್ಲ ಹೇಳಿದೆ.

ಅವರು ಕನ್ನಡಕ ಹಾಕಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿ "ಬಹಳ ಇಳಿದುಹೋಗಿದೀಯಲ್ಲೋ, ಸರಿಯಾಗಿ ಊಟ ಮಾಡು" ಎಂದರು. ಕ್ಷಮಿಸಿದೆ ಎನ್ನಲಿಲ್ಲ. ನಾಳೆ ಮಾತ್ರೆ ಡಬ್ಬಿಗಳ ಮೇಲೆ ದೊಡ್ಡದಾಗಿ ಬರೆದುಕೊಡಲು ಬಾ ಎಂದಿದ್ದಾರೆ.

ನಿನಗೆ ಅಷ್ಟು ಖಾರವಾಗಿ ಬರೆಯಬಾರದಿತ್ತು.

ಅಣ್ಣ


ಮೇ ೧೨

ಅಣ್ಣಾ,

ಟೀಚರ್ ಮನೆಗೆ ಬಂದರು ಎಂಬ ಸಾಲಿನ ಮುಂದೆ ಓದಲಾಗಲಿಲ್ಲ. ಕಾಗದ ಹಿಡಿದು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಅಮ್ಮ ಗಾಬರಿಯಾಗಿ ಬಂದಳು. ಕೊನೆಗೆ ಅವಳಿಗೆ ಎಲ್ಲ ಹೇಳಿದೆ, ನನ್ನದು ನಿನ್ನದು ಎರಡೂ. ಕೇಳಿ "ಇಬ್ರೂ ಒಂದೇ ಹೊಟ್ಟೇಲಿ ಹುಟ್ಟಿದ್ದು ಸುಳ್ಳಲ್ಲ" ಎಂದು ಚಹಾ ಇಟ್ಟಳು.

ಇಷ್ಟು ಹೊತ್ತಿಗೆ ನನ್ನ ದೊಡ್ಡ ಕಾಗದ ನಿನ್ನ ಕೈಸೇರಿರುತ್ತದೆ. ನೀನು ನಿನ್ನದನ್ನು ಬರೆದಾಗ ಅದನ್ನು ಓದಿರಲಿಲ್ಲ ಎಂಬುದು ನನಗೆ ಗೊತ್ತು. ಓದಿದ ಮೇಲೆ ನಿನ್ನ ಮನಸ್ಸು ಬದಲಾಗಿದ್ದರೆ ಅದೂ ನ್ಯಾಯವೇ. ಆದೇಶ ನಾಳೆ ಹೊರಡುತ್ತದೆ.

ಸಾಸಿವೆ


ಮೇ ೧೯

ಸಾಸಿವೆ,

ನಿನ್ನ ದೊಡ್ಡ ಕಾಗದ ಓದಿ ಮೂರು ದಿನ ನಿನ್ನ ಮೇಲೆ ಕೆಂಡವಾಗಿದ್ದೆ. ಮುಚ್ಚಿಡುವುದಿಲ್ಲ. ಆರು ವಾರ ನಾನು ಸರ್ಕಾರ ಸರ್ಕಾರ ಎಂದು ಬೈದದ್ದು ನನ್ನ ತಂಗಿಯನ್ನೇ ಎಂದು ತಿಳಿದು ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನೊಬ್ಬನ ಎದೆಗೂಡು ಕಾಯಲು ಎಷ್ಟು ಊರುಗಳ ಜನರ ಕಣ್ಣು ಕಟ್ಟಿದೆಯಲ್ಲೇ! ಅಷ್ಟು ಭಾರವನ್ನು ಇನ್ನೊಮ್ಮೆ ನನ್ನ ಎದೆಯ ಮೇಲೆ ಹೊರಿಸಬೇಡ. ಅದು ಮೊದಲೇ ದುರ್ಬಲ.

ನಾಲ್ಕನೆಯ ದಿನ ನನ್ನದೇ ಸುಳ್ಳು ನೆನಪಾಯಿತು. ಏಪ್ರಿಲ್ ಹದಿನಾರರಂದು 'ಇನ್‌ಹೇಲರ್ ಇದೆ' ಎಂದು ಬರೆದೆನಲ್ಲ, ಇತ್ತು, ಖಾಲಿ ಡಬ್ಬಿ. ಇಲ್ಲಿಯ ಔಷಧಿ ಅಂಗಡಿಯಲ್ಲಿ ಹನ್ನೆರಡು ದಿನ ಸರಕು ಬರಲಿಲ್ಲ. ನಾಲ್ಕು ದಿನ ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡಿದೆ. ಅಂಗಡಿ ತೆರೆದಿದ್ದರೆ ಆ ಸ್ಥಿತಿಯಲ್ಲೂ ದಿನಕ್ಕೆ ನಲವತ್ತು ಮುಖಗಳ ಎದುರು ಒಂದು ಗೇಣಿನಲ್ಲಿ ಕೂರುತ್ತಿದ್ದೆ, ನಿನ್ನ ಲೆಕ್ಕ ಸರಿ. ದಾರಿ ತಪ್ಪು. ಎರಡನ್ನೂ ಬರೆದಿಟ್ಟುಕೋ.

ಹೊಸ ಆದೇಶ ಬಂದು ನಿನ್ನೆ ಅಂಗಡಿ ತೆರೆದೆವು. ಒಳಗೆ ಒಬ್ಬರೇ ಗಿರಾಕಿ. ಕಿಟಕಿ ತೆರೆದಿರಬೇಕು, ಅದಕ್ಕೆ ಕಪಾಟು ಎಳೆದು ಆಚೆ ಹಾಕಿದೆ, ಮೂವತ್ತು ವರ್ಷದ ಮೇಲೆ ಅಂಗಡಿಯಲ್ಲಿ ಗಾಳಿ ಬಂತು. ರಿಪೇರಿ ಬಾಗಿಲಲ್ಲೇ. ಮುದುಕರಿಗೆ ಹಳೆಯ ನಂಬರಿನಲ್ಲೇ ಮಾಡಿ ಮನೆಗೆ ತಲುಪಿಸಬೇಕು. ಆಮೇಲೆ ಐದನೆಯ ಷರತ್ತು: 'ಉಸಿರಾಟದ ಅಥವಾ ಹೃದಯದ ತೊಂದರೆ ಇರುವವರು ಗಿರಾಕಿಯ ಎದುರು ಕೂರತಕ್ಕದ್ದಲ್ಲ, ಹಿಂದಿನ ಕೋಣೆಯ ಕೆಲಸ ಮಾತ್ರ.' ಓದಿ ಬಿದ್ದು ಬಿದ್ದು ನಕ್ಕೆ. ಗುಟ್ಟಾಗಿ ಹೊಡೆದು ಹಾಕಿದ್ದನ್ನು ಈ ಸಲ ಮೊಹರು ಹೊಡೆಸಿ ಊರೂರಿಗೆ ಕಳಿಸಿದ್ದೀಯ. ಮಾರ್ಕೆಟ್ಟಿನ ಕನ್ನಡಕದವನು, ಹೃದಯಕ್ಕೆ ಆಪರೇಷನ್ ಆದವನು, "ಇದ್ಯಾವನು ಬರೆದದ್ದು" ಎಂದು ಶಾಪ ಹಾಕುತ್ತಿದ್ದ. ಅವನ ಹೆಂಡತಿ ಮಾತ್ರ ಆ ಹಾಳೆಯನ್ನು ಗೋಡೆಗೆ ಅಂಟಿಸಿಟ್ಟಿದ್ದಾಳೆ.

ಇವತ್ತು ತಪಾಸಣೆಯವರು ಬಂದರು. ಟೀಚರ್ ಕಡ್ಡಿ ಸಡಿಲವಾಯಿತು ಎಂದು ಬಂದು ಬಾಗಿಲ ಹತ್ತಿರದ ಕುರ್ಚಿಯಲ್ಲಿದ್ದರು. ಹೊರಗೆ ಸಾಲಿನಲ್ಲಿ ದರ್ಜಿ, ಬಸ್ ಡ್ರೈವರ್, ಇನ್ನೂ ಐದಾರು ಜನ. ತಪಾಸಣೆಯಾಕೆ ಒಂದೊಂದೇ ಷರತ್ತಿಗೆ ಗುರುತು ಹಾಕುತ್ತಾ ಬಂದು ಐದಕ್ಕೆ ನಿಂತು ಜೋರಾಗಿ ಕೇಳಿದಳು: "ಈ ಅಂಗಡೀಲಿ ಉಸಿರಾಟದ ತೊಂದರೆ ಯಾರಿಗಾದ್ರೂ ಇದೆಯಾ?"

ನಿನ್ನ ಅತ್ತಿಗೆ ನನ್ನ ಮುಖ ನೋಡಲಿಲ್ಲ, ನೆಲ ನೋಡಿದಳು. ಬೀದಿಯ ಅಷ್ಟೂ ಜನ ಒಳಗೆ ಇಣುಕುತ್ತಿದ್ದರು. ಮೂವತ್ತು ವರ್ಷ ಹಿಂದಿನ ಕೋಣೆಯಲ್ಲಿ ಬಚ್ಚಿಟ್ಟದ್ದನ್ನು ಹೇಗೆ ಹೇಳುವುದು? ಬಾಯಲ್ಲಿ ಹೇಳಲಿಲ್ಲ ಸಾಸಿವೆ, ಕೈ ಎತ್ತಿದೆ.

ಟೀಚರ್ ತಿರುಗಿ ನೋಡಿ, "ನೋಡ್ರಪ್ಪಾ, ನನ್ನ ಕ್ಲಾಸಲ್ಲಿ ಒಂದು ದಿನಾನೂ ಕೈ ಎತ್ತಿದವನಲ್ಲ ಇವನು!" ಎಂದರು. ಸಾಲಿಗೆ ಸಾಲೇ ನಕ್ಕಿತು, ತಪಾಸಣೆಯಾಕೆಯೂ ನಕ್ಕಳು, ಅತ್ತಿಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ನಗುತ್ತಿದ್ದಳೋ ಅಳುತ್ತಿದ್ದಳೋ. ಆಮೇಲೆ ನಾನೇ ಎದ್ದು ಅವಳನ್ನು ನನ್ನ ಕುರ್ಚಿಯಲ್ಲಿ ಕೂರಿಸಿ ಹಿಂದಿನ ಕೋಣೆಗೆ ಹೋದೆ. ಅವಳಿಗೆ ಕಣ್ಣಿನ ನಂಬರು ಹಿಡಿಯುವುದು ನನಗಿಂತ ಚೆನ್ನಾಗಿ ಬರುತ್ತದೆ. ಇದನ್ನೂ ಈಗಲೇ ಒಪ್ಪುತ್ತಿದ್ದೇನೆ.

ಗಾಜು ಉಜ್ಜುವ ಮೇಜಿನ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಹೊಸ ಇನ್‌ಹೇಲರ್ ಕಣ್ಣೆದುರೇ ಇದೆ, ಬಾಗಿಲು ತೆರೆದೇ ಇದೆ. ನಿನ್ನ ಮೇಲಿನ ಕೋಪ ಪೂರ್ತಿ ಹೋಗಿಲ್ಲ. ಉಸಿರಾಟ ಸರಾಗವಾಗಿದೆ. ಈ ಸಲ ನಿಜ.

ಅಣ್ಣ